ಹೊಳೆಗೆ ಬಿಟ್ಟ ಜಾಗದಲ್ಲಿ ಸೈಕಲ್ ಬೇಕಾ?

ಪರ

ಅಮ್ಮ ಶ್ರೀರಂಗಪಟ್ಟಣದವರು. ಕಾವೇರಿ ನೋಡಿಕೊಂಡೇ ಬೆಳೆದವರು. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ಗೆ ನಮ್ಮನ್ನು ನೋಡಲು ಬಂದಾಗ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ವಾಲ್ ನದಿಯ ಏರಿ ಮೇಲೆ ಕರೆದುಕೊಂಡು ಹೋದೆ. ಸೀರೆ ಚಕ್ರಕ್ಕೆ ಸಿಗದ ಹಾಗೆ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ನನ್ನ ಜಾಕೆಟ್.

1995ರಲ್ಲಿ ಇಲ್ಲಿ ನೀರು ಏರಿ ಬಂದು, ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೊರಡಬೇಕಾಯಿತು. ಆಮೇಲೆ ಏರಿಯನ್ನು ಎತ್ತರಿಸುತ್ತಾ ಹೋಗುವ ಬದಲು ನದಿಗೇ ಜಾಗ ಕೊಡೋಣ ಅಂತ ತೀರ್ಮಾನ ಮಾಡಿದರು. ನೈಮೇಗನ್ ಎದುರಿನ ಲೆಂಟ್‌ನಲ್ಲಿ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಸುಮಾರು 50 ಮನೆ ಹೋದವು. ಹೊಸ ಕವಲು ತೋಡಿದರು.

ಅಮ್ಮ ಇಳಿದು ಸುಮಾರು ಹೊತ್ತು ನಿಂತರು. "ಹೊಳೆ ಜಾಗಕ್ಕೆ ಮನೆ ಬಂದಿದ್ದು ನೋಡಿದೀನಿ. ಮನೆ ಜಾಗಕ್ಕೆ ಹೊಳೆ ಬಂದಿದ್ದು ಇವತ್ತೇ ನೋಡಿದ್ದು ಕಣೋ" ಅಂದರು.

ಇದು ಕಾರಿನಲ್ಲಿ ಕಾಣುವುದಿಲ್ಲ. ನಡೆದರೆ ತುಂಬಾ ಹೊತ್ತು ಬೇಕು. ಸೈಕಲ್ ಮೇಲೆ ಅರ್ಧ ಗಂಟೆಯಲ್ಲಿ ಹಳೇ ದಡ, ಹೊಸ ದಡ, ನಡುವಿನ ನೀರು ಎಲ್ಲ ಕಣ್ಣಿಗೆ ಬೀಳುತ್ತೆ. ಜನ ಕಣ್ಣಾರೆ ನೋಡಬೇಕು. ನೋಡದಿದ್ದರೆ ಇನ್ನಿಪ್ಪತ್ತು ವರ್ಷಕ್ಕೆ ಮರೆತು ಅಲ್ಲೇ ಮನೆ ಕಟ್ಟುತ್ತಾರೆ. ಹಕ್ಕಿಗೆ ತೊಂದರೆ ಅನ್ನುವವರಿಗೆ ಮನುಷ್ಯರು ಎಲ್ಲಿದ್ದರೂ ತೊಂದರೆಯೇ. ಮನೆ ಬಿಟ್ಟುಕೊಟ್ಟವರೂ ಮನುಷ್ಯರೇ ಅಲ್ವಾ? ಅವರಿಗಾದರೂ ಆ ದಾರಿ ತೆರೆದಿರಲಿ.

ವಿರೋಧ

ನನಗೆ ವಿರೋಧದ ಕಡೆ ಬರೆಯಲು ಹೇಳಿದರು. ನಾನೂ ಸೈಕಲ್ ತುಳಿಯುವವಳೇ. ಏರಿ ಮೇಲೆ ಸೈಕಲ್ ಬೇಡ ಅಂತ ನಾನು ಹೇಳಲಾರೆ. ಏರಿಗೂ ನದಿಗೂ ನಡುವಿನ ಕೆಳಗಿನ ಬಯಲಿಗೆ ಮಾತ್ರ ಬೇಡ.

ಜರ್ಮನಿ ಗಡಿ ಹತ್ತಿರ, ಇದೇ ವಾಲ್ ನದಿ ದಡದ ಮಿಲಿಂಗರ್‌ವಾರ್ಡ್ ಅನ್ನುವ ಬಯಲಲ್ಲಿ ಕೋನಿಕ್ ಕುದುರೆಗಳೂ ಗ್ಯಾಲೋವೇ ದನಗಳೂ ತಮ್ಮಷ್ಟಕ್ಕೆ ತಾವೇ ಮೇಯುತ್ತವೆ. ಅವುಗಳಿಂದ ದೂರ ಇರಬೇಕು. ನಡೆಯುವವರು ಸುತ್ತು ಹಾಕಿ ಹೋಗಬಹುದು. ಸೈಕಲ್‌ನವರಿಗೆ ಇರುವುದು ಒಂದೇ ದಾರಿ, ಬೆಲ್ ಹೊಡೆಯುತ್ತಾರೆ. ಈಗಂತೂ ಬ್ಯಾಟರಿ ಸೈಕಲ್ಲುಗಳೇ ಜಾಸ್ತಿ. 25 ಕಿಲೋಮೀಟರ್ ವೇಗದಲ್ಲಿ ಸದ್ದಿಲ್ಲದೆ ಬರುತ್ತವೆ.

ಒಂದು ಮೇ ತಿಂಗಳು ಫೋಟೋ ತೆಗೆಯಲು ದಾರಿ ಬಿಟ್ಟು ಸ್ವಲ್ಪ ಇಳಿದೆ. ಸುಮ್ನೆ ಎರಡು ಹೆಜ್ಜೆ. ಒಂದು ಪುಟ್ಟ ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನನ್ನ ಮುಂದೆ ಓಡಿತು. ಬಗ್ಗಿ ನೋಡಿದರೆ ನನ್ನ ಮುಂದಿನ ಚಕ್ರದಿಂದ ಗೇಣುದ್ದ ದೂರದಲ್ಲಿ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ. ಬರೀ ಬೆಣಚುಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ.

ಸೈಕಲ್ ಎತ್ತಿ ಹೆಗಲ ಮೇಲಿಟ್ಟುಕೊಂಡು, ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ ಏರಿ ಹತ್ತಿದೆ.