ಒಂದು ಆರ್ಕೆಸ್ಟ್ರಾದ ಅಲ್ಪಾಯುಷ್ಯ

ಒಂದು ಗೌರಿಹಬ್ಬಕ್ಕೆ ಮುಂಚೆ ಹುಟ್ಟಿದ ನಮ್ಮ ಆರ್ಕೆಸ್ಟ್ರಾ ಮುಂದಿನ ಗೌರಿಹಬ್ಬವನ್ನು ಕಾಣಲಿಲ್ಲ. ಅಪಸ್ವರವೇ ಅದನ್ನು ಮುಳುಗಿಸಿತೆಂದು ನಮ್ಮ ಬಂಧುಗಳಲ್ಲಿ ಕೆಲವರು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ಇದು ಅನ್ಯಾಯದ ಮಾತು. ಸಂಗೀತದಿಂದ ನಮಗೆ ಅಂತಹ ತೊಂದರೆಯೇನೂ ಆಗಲಿಲ್ಲ. ಸಂಗೀತದವರೆಗೆ ನಮ್ಮನ್ನು ತಲುಪಗೊಡದ ಸಂಗತಿಗಳೇ ನಮ್ಮನ್ನು ಮುಗಿಸಿದವು.

ಬೆಂಗಳೂರಿನಲ್ಲಿ ರಸಮಂಜರಿ ಕಾರ್ಯಕ್ರಮ ನಡೆಸುವವರಿಗೆ ಸುಗ್ಗಿ ಇರುವುದು ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ. ಇಲ್ಲಿನ ಬೀದಿ ಗಣೇಶ ಚೌತಿಗೇ ಬರಬೇಕೆಂಬ ನಿಯಮವಿಲ್ಲ; ರಾಜ್ಯೋತ್ಸವವೂ ನವೆಂಬರ್ 1ಕ್ಕೆ ಕಟ್ಟುಬೀಳದೆ, ಚಂದಾ ಸಂಗ್ರಹವಾದ ಹಾಗೆ, ತಿಂಗಳ ಯಾವ ಭಾನುವಾರಕ್ಕಾದರೂ ಜಾರಬಲ್ಲದು. ಈ ಲೆಕ್ಕಾಚಾರದ ಮೇಲೆಯೇ ನಮ್ಮ ತಂಡ ನಿಂತಿತ್ತು. ಒಬ್ಬ ಕೀಬೋರ್ಡ್ ವಾದಕರು, ಕೊಳಲು ನುಡಿಸುವ ನಿವೃತ್ತ ಮೇಷ್ಟ್ರು, ತಬಲಾದವರು, ರಿದಮ್ ಪ್ಯಾಡಿನ ಹುಡುಗ, ಒಬ್ಬ ಗಾಯಕ, ಒಬ್ಬ ಗಾಯಕಿ, ಮತ್ತು ನಾನು. ಯಾವ ವಾದ್ಯವೂ ಬಾರದವನು ನಾನೊಬ್ಬನೇ ಆದ್ದರಿಂದ ನಿರೂಪಣೆ ನನ್ನ ಪಾಲಿಗೆ ಬಂದಿತು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ ಹಾಡುಗಳಿಗೆ ಸೇರಿದ್ದ ಜನಸಾಗರವನ್ನು ಕಣ್ಣಾರೆ ಕಂಡಿದ್ದ ನಮ್ಮ ಗಾಯಕ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ತಂಡಕ್ಕೊಂದು ಹೆಸರೂ ಗೊತ್ತಾಗುವ ಮೊದಲೇ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿದ್ದ. ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದ. ಅದು ಕೊನೆಯವರೆಗೂ ಖಾಲಿಯೇ ಉಳಿಯಿತು.

ಅಭ್ಯಾಸಕ್ಕೆ ಜಾಗ ಹುಡುಕುವುದರಲ್ಲಿಯೇ ನಮ್ಮ ಉತ್ಸಾಹದ ಅರ್ಧಪಾಲು ಖರ್ಚಾಯಿತು. ಗಾಯಕಿಯ ಮನೆಯ ತಾರಸಿಯಲ್ಲಿ ಆರಂಭಿಸಿದಾಗ ಎದುರು ಮನೆಯ ಪಿಯುಸಿ ಹುಡುಗನ ತಾಯಿ ಬಂದು, ಬಹಳ ಮರ್ಯಾದೆಯಿಂದಲೇ, ತಮ್ಮ ಮಗ ಫೇಲಾದರೆ ಯಾರು ಹೊಣೆ ಎಂದು ವಿಚಾರಿಸಿದರು. ಕಡೆಗೆ ಹನುಮಂತನಗರದಲ್ಲಿ ಒಂದು ಸ್ಕೂಟರ್ ಗ್ಯಾರೇಜಿನ ಹಿಂದಿನ ಶೆಡ್ಡು ಸಿಕ್ಕಿತು. ಈ ನಗರದ ಸಂಪ್ರದಾಯದಂತೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು ಒಳಗೆ ಹೋದ ಮೇಲೆ ತಿಳಿದದ್ದೇನೆಂದರೆ, ಮೆಕ್ಯಾನಿಕ್ಕರು ರಿಪೇರಿಯಾದ ಗಾಡಿಗಳ ಎಂಜಿನ್ ಓಡಿಸಿ ನೋಡುವುದು ಸಂಜೆ ಏಳರ ನಂತರವೇ, ಅಂದರೆ ನಮ್ಮ ಅಭ್ಯಾಸದ ವೇಳೆಯಲ್ಲಿಯೇ. ಒಂದು ಹಳೆಯ ಸ್ಕೂಟರಿನ ಗುಂಯ್‌ಗಾಟವನ್ನೇ ಶ್ರುತಿಪೆಟ್ಟಿಗೆಯೆಂದು ಭಾವಿಸಿ ನಮ್ಮ ಗಾಯಕ ಇಡೀ ಒಂದು ಭಾವಗೀತೆಯನ್ನು ಹಾಡಿ ಮುಗಿಸಿದ್ದುಂಟು. ಮೆಕ್ಯಾನಿಕ್ಕರು ಕೈಯೊರೆಸಿಕೊಳ್ಳುತ್ತಾ ಬಂದು, "ಹಾಡೇನೋ ಚೆನ್ನಾಗಿದೆ ಸಾರ್, ಪಿಕಪ್ ಮಾತ್ರ ಇಲ್ಲ" ಎಂದರು. ನಮ್ಮ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ.

ನಮ್ಮ ಕೀಬೋರ್ಡ್ ವಾದಕರದು ಒಂದು ವಿಶೇಷವಿತ್ತು. ಅವರಿಗೆ ಬರುತ್ತಿದ್ದುದು ಬಿಳಿ ಒಂದರ ಶ್ರುತಿ ಮಾತ್ರ. ಬೇರೆ ಶ್ರುತಿ ಬೇಕೆಂದರೆ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ ವಾದ್ಯವನ್ನೇ ಮೇಲಕ್ಕೋ ಕೆಳಕ್ಕೋ ಸರಿಸಿ, ತಾವು ಮಾತ್ರ ಅವೇ ಮನೆಗಳಲ್ಲಿ ಬೆರಳಾಡಿಸುತ್ತಿದ್ದರು. ವಾದ್ಯ ಆರಿ ಹೊತ್ತಿಕೊಂಡರೆ ಈ ಏರ್ಪಾಡು ಅಳಿಸಿಹೋಗಿ ಮತ್ತೆ ಸೊನ್ನೆಗೆ ಬರುತ್ತದೆಂಬುದು ಚಾಮರಾಜಪೇಟೆಯ ಗಣೇಶನ ಎದುರಿಗೆ ಎಲ್ಲರಿಗೂ ಗೊತ್ತಾಯಿತು. ಗಾಯಕಿ ಚರಣದ ಮಧ್ಯದಲ್ಲಿದ್ದಾಗ ಕರೆಂಟು ಹೋಯಿತು, ಜನರೇಟರ್ ಕೆಮ್ಮಿ ಎದ್ದಿತು, ಕೀಬೋರ್ಡೂ ಎದ್ದಿತು. ಅವರು ಆಕೆಯ ಶ್ರುತಿಯಿಂದ ದೂರದ ಇನ್ನೊಂದು ಶ್ರುತಿಯಲ್ಲಿ ಪೂರ್ಣ ಆತ್ಮವಿಶ್ವಾಸದಿಂದ ಮುಂದುವರಿದರು. ಕೊಳಲಿನ ಮೇಷ್ಟ್ರು ಚೀಲದಲ್ಲಿದ್ದ ಕೊಳಲುಗಳನ್ನು ಒಂದೊಂದಾಗಿ ತೆಗೆದು ಊದಿ ನೋಡಿ, ಕೊನೆಗೆ ಚೀಲದ ಜಿಪ್ ಎಳೆದು ಕೈಕಟ್ಟಿ ಕುಳಿತರು. ಮುಂದಿನ ಸಾಲಿನ ಯುವಕರು ಇದನ್ನು ಫ್ಯೂಷನ್ ಎಂದು ತಿಳಿದು ಚಪ್ಪಾಳೆ ತಟ್ಟಿದರು.

ಮಳೆಯ ವಿಷಯವನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸೇರಿವೆ. ಆರ್ಕೆಸ್ಟ್ರಾದವರ ಸುಗ್ಗಿಯೂ ಅದೇ. ತೇವಕ್ಕೆ ತಬಲಾದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ತಬಲಾದವರು ಹಾಡು ಹಾಡಿಗೂ ಸುತ್ತಿಗೆ ಎತ್ತಿ ಬಡಿಯುತ್ತಿದ್ದುದರಿಂದ, ಶಾಮಿಯಾನ ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲವೆಂದು ಪ್ರೇಕ್ಷಕರು ಭಾವಿಸಿದ್ದರೆ ಅವರದು ತಪ್ಪಲ್ಲ.

ಇವರೆಲ್ಲರಿಗಿಂತ ಮೇಲಿನವರು ಮೈಕ್ ಸೆಟ್ಟಿನವರು. ಯಾರ ದನಿ ಜನರಿಗೆ ಕೇಳಬೇಕು, ಯಾರದು ಕೇಳಬಾರದು ಎಂಬುದನ್ನು ತೀರ್ಮಾನಿಸುತ್ತಿದ್ದವರು ಅವರೇ. ನಾನು "ನಮಸ್ಕಾರ" ಎಂದರೆ "ಸ್ಕಾರ, ಸ್ಕಾರ" ಎಂದು ಬೀದಿಯ ಕೊನೆಯವರೆಗೂ ಹೋಗಿ ಬರುತ್ತಿತ್ತು. ಎಕೋ ಸ್ವಲ್ಪ ಕಡಿಮೆ ಮಾಡಿ ಎಂದು ಬೇಡಿಕೊಂಡಾಗ, "ಎಕೋ ಇಲ್ದಿದ್ರೆ ದುಡ್ಡು ಕೊಟ್ಟೋರಿಗೆ ದುಡ್ಡು ಕೊಟ್ಟಂಗೇ ಅನ್ಸಲ್ಲ ಸಾರ್" ಎಂದು ಇನ್ನೊಂದಿಷ್ಟು ತಿರುಗಿಸಿದರು.

ವಿಜಯನಗರದ ರಾಜ್ಯೋತ್ಸವವೇ ನಮ್ಮ ಕಡೆಯ ದೊಡ್ಡ ವೇದಿಕೆ. ಅದು ಫ್ಲೆಕ್ಸ್‌ಗಳ ಮೇಲೆ 2018ರಲ್ಲಿ ಪಾಲಿಕೆಯ ಕತ್ತರಿ ಬೀಳುವುದಕ್ಕೆ ಮುಂಚಿನ ಕಾಲವಾದ್ದರಿಂದ, ವೇದಿಕೆಯ ಹಿಂದೆ ಮುಖಂಡರ, ಅವರ ಹಿತೈಷಿಗಳ ಮತ್ತು ಹಿತೈಷಿಗಳ ಮಕ್ಕಳ ಭಾವಚಿತ್ರಗಳಿದ್ದವು. ಮೂಲೆಯಲ್ಲಿ "ಮತ್ತು ವೃಂದದವರಿಂದ" ಎಂದು ನಮ್ಮನ್ನೂ ಸ್ಮರಿಸಲಾಗಿತ್ತು. ನಾಡಗೀತೆಯಿಂದ ಆರಂಭ. ಕುವೆಂಪು ಅವರ ಈ ಗೀತೆ ನಾಡಗೀತೆಯಾದದ್ದು 2004ರಲ್ಲಿ. ಅದನ್ನು ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಸರ್ಕಾರ ಗೊತ್ತುಮಾಡಿದ್ದು 2022ರಲ್ಲಿ. ನಡುವಿನ ಈ ನಿರ್ಬಂಧವಿಲ್ಲದ ಅವಧಿಯ ಪೂರ್ಣ ಪ್ರಯೋಜನವನ್ನು ನಮ್ಮ ಕೀಬೋರ್ಡ್ ವಾದಕರು ಪಡೆದುಕೊಂಡರು. ಪ್ರತಿ ಚರಣದ ನಡುವೆಯೂ ಸ್ವಂತ ಕಲ್ಪನೆಯ ಒಂದು ನೀಳ ಸಂಗೀತ. ಅದು ನಿಧಾನವಾಗಿ ಇಳಿದಾಗಲೆಲ್ಲ ಗೀತೆ ಮುಗಿಯಿತೆಂದು ಮುಖ್ಯ ಅತಿಥಿಗಳು ಕುಳಿತರು, ಅವರನ್ನು ನೋಡಿ ವೇದಿಕೆ ಕುಳಿತಿತು, ವೇದಿಕೆಯನ್ನು ನೋಡಿ ಸಭೆ ಕುಳಿತಿತು. ಅಷ್ಟರಲ್ಲಿ ಮುಂದಿನ ಚರಣ ಬಂದು ಎಲ್ಲರೂ ದಡಬಡಿಸಿ ಎದ್ದರು. ಮಂಡಿನೋವಿನ ಹಿರಿಯರೊಬ್ಬರು ಕಡೆಗೆ ಎದ್ದವರು ಕುರ್ಚಿಯ ಬೆನ್ನು ಹಿಡಿದು, ಗೀತೆ ನಿಜವಾಗಿ ಮುಗಿದ ಮೇಲೂ ಬಹಳ ಹೊತ್ತು, ಯಾರನ್ನೂ ನಂಬದೆ ನಿಂತೇ ಇದ್ದರು.

ಅನಂತರ ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಭಾಷಣ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶವಿದೆಯಾದರೂ ನಮ್ಮ ಕಾರ್ಯಕ್ರಮ ಆ ದಿನಗಳಲ್ಲಿ ಎಂದೂ ಬಿದ್ದದ್ದಿಲ್ಲ. ವಂದನಾರ್ಪಣೆ ಮುಗಿದಾಗ ಹತ್ತಕ್ಕೆ ಕೆಲವೇ ನಿಮಿಷಗಳಿದ್ದವು. ಗಾಯಕ ಗಂಟಲು ಸರಿಪಡಿಸಿಕೊಂಡು ಪಲ್ಲವಿ ಎತ್ತಿದನೋ ಇಲ್ಲವೋ, ಪೇದೆಯೊಬ್ಬರು ಕೈಗಡಿಯಾರ ತೋರಿಸುತ್ತಾ ಬಂದು, "ಅಣ್ಣಾವ್ರ ಒಂದು ಹಾಡಾದ್ರೂ ಮೊದಲೇ ಹೇಳ್ಬಿಡೋದಲ್ವಾ" ಎಂದು ತಾವೇ ನೊಂದುಕೊಂಡು ಮೈಕು ಆಫ್ ಮಾಡಿಸಿದರು. ಹಾಡದ ಹಾಡಿಗೆ ಹಣ ಏಕೆಂದು ಸಂಘಟಕರು ಬಾಕಿಯನ್ನು ಕೊಡಲಿಲ್ಲ.

ತಂಡ ವಿಸರ್ಜನೆಯಾದದ್ದು ಅದೇ ಶೆಡ್ಡಿನಲ್ಲಿ. ಅಡ್ವಾನ್ಸ್ ಹಿಂತಿರುಗಿಸುವಾಗ ಮೆಕ್ಯಾನಿಕ್ಕರು ಬಣ್ಣ ಬಳಿಸುವ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು; ಆ ಶೆಡ್ಡಿನ ಗೋಡೆಗಳು ತಗಡಿನವು. ಕೊಳಲಿನ ಮೇಷ್ಟ್ರು ಮಗಳ ಮನೆಗೆಂದು ಮೈಸೂರಿಗೆ ಹೋದರು. ಕೀಬೋರ್ಡ್ ಮಾರಾಟವಾಯಿತು. ಗಾಯಕಿ, ಗಾಯಕ, ಪ್ಯಾಡಿನ ಹುಡುಗ ಮೂವರನ್ನೂ ಸೇರಿಸಿಕೊಂಡು ಸ್ವಂತ ಆರ್ಕೆಸ್ಟ್ರಾ ಕಟ್ಟಿದವರು ಮೈಕ್ ಸೆಟ್ಟಿನವರು. ಅದು ಈಗಲೂ ಚೆನ್ನಾಗಿ ನಡೆಯುತ್ತಿದೆ. ನಿರೂಪಣೆಗೆ ಬನ್ನಿ ಎಂದು ಒಮ್ಮೆ ನನಗೂ ಫೋನು ಮಾಡಿದ್ದರು. ಸಂಭಾವನೆ ಎಷ್ಟು ಕೊಡುತ್ತೀರಿ ಎಂದು ಕೇಳಿದೆ.

"ಅದೇನ್ ಸಾರ್ ಹಂಗೆ ಕೇಳ್ತೀರಾ, ಮೈಕು ನಂದೇ ಅಲ್ವಾ?" ಎಂದರು.