ತೂಕಕ್ಕೆ ಹೋದದ್ದು

ಆ ಹಳೇ ಸಾಮಾನಿನ ಅಂಗಡಿಯ ಒಳಗೆ ಹೋಗಬೇಕೆಂದರೆ ಪಕ್ಕಕ್ಕೆ ತಿರುಗಿ ನುಸುಳಬೇಕು. ಎಡಕ್ಕೆ ಹಂಡೆ, ಬಲಕ್ಕೆ ಗ್ರಾಮಫೋನು, ತಲೆ ಮೇಲೆ ಲಾಟೀನುಗಳ ತೋರಣ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಂದವರನ್ನು ಕಂಡರೆ ಅಂಗಡಿಯವರ ಜೀವ ಹೌಹಾರುತ್ತದೆ. "ಸಾರ್, ಬ್ಯಾಗ್ ಇಲ್ಲೇ ಇಟ್ಟು ಹೋಗಿ" ಎನ್ನುತ್ತಾರೆ. ಕಳ್ಳತನದ ಭಯ ಅಲ್ಲ. ಹೋದ ವರ್ಷ ಯಾರದೋ ಬ್ಯಾಗು ತಾಗಿ ಒಂದು ಪಿಂಗಾಣಿ ಭರಣಿ ಚೂರಾಯಿತಂತೆ. ಒಡೆದವರು ಸಾರಿ ಹೇಳಿ ಹೊರಟರು, ಚೂರು ಗುಡಿಸಿದ್ದು ನಾನು ಎಂದು ಇವರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಬೆಂಗಳೂರಿನ ಅವೆನ್ಯೂ ರೋಡಿನ ಅಕ್ಕಪಕ್ಕದ ಗಲ್ಲಿಗಳಲ್ಲಿ ಇಂಥ ಅಂಗಡಿಗಳು ಇನ್ನೂ ಕೆಲವು ಉಳಿದಿವೆ. ಭಾನುವಾರ ಬೆಳಿಗ್ಗೆಯಾದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಸಂಡೇ ಬಜಾರೂ ಇರುತ್ತದೆ. ಅಲ್ಲಿ ಎಲ್ಲವೂ ನೆಲದ ಮೇಲೆ. ತುಕ್ಕು ಹಿಡಿದ ಸ್ಪ್ಯಾನರ್, ಯಾವ ಟಿವಿಗೂ ಸೇರದ ರಿಮೋಟು, ಜೊತೆಗಾರ ಕಳೆದುಹೋದ ಒಂಟಿ ಶೂ, ಇವುಗಳ ನಡುವೆ ದಿಕ್ಕು ತಪ್ಪಿದಂತೆ ಕೂತ ಒಂದು ತಾಮ್ರದ ಪಂಚಪಾತ್ರೆ. ನನಗೆ ಗೊತ್ತಿರುವ ಮಟ್ಟಿಗೆ ಗುಜರಿಗೂ ಆಂಟಿಕ್‌ಗೂ ಇರುವ ವ್ಯತ್ಯಾಸ ಇಷ್ಟೇ: ಗುಜರಿ ಅಂಗಡಿಗೆ ಒಂದು ಗಾಜಿನ ಬೀರು, ಒಂದು ಹಳದಿ ಬಲ್ಬು ಬಂದರೆ ಅದು ಆಂಟಿಕ್ ಅಂಗಡಿ.

ನಾನು ಹೋಗುವುದು ಕೊಳ್ಳಲಿಕ್ಕಲ್ಲ. "ಎಷ್ಟು ಹೊತ್ತು ಬೇಕಾದ್ರೂ ನೋಡ್ಕೊಂಡು ಬನ್ನಿ, ತರಬೇಡಿ" ಅನ್ನುವುದು ಮನೆಯಲ್ಲಿ ಹೆಂಡತಿ ಹಾಕಿದ ಷರತ್ತು. ಅಂಗಡಿಯವರಿಗೂ ಇದು ಗೊತ್ತು. ಆದರೂ ಕೂರಲು ಸ್ಟೂಲು ಕೊಡುತ್ತಾರೆ. ಬೋಣಿಗೆ ಮುಂಚೆ ಮಾತ್ರ ಬರಬೇಡಿ ಎಂದು ಒಮ್ಮೆ ಮೆಲ್ಲಗೆ ಹೇಳಿದ್ದಾರೆ.

ಮೊದಮೊದಲು ಹೋದಾಗ ನನಗೆ ಆದದ್ದು ಖುಷಿಯಲ್ಲ, ಒಂಥರಾ ಮುಜುಗರ. ಯಾಕೆಂದರೆ ಅಲ್ಲಿದ್ದ ಸಾಮಾನಿನಲ್ಲಿ ಮುಕ್ಕಾಲು ಪಾಲು ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಇದ್ದದ್ದೇ. ಅದೇ ಹಿತ್ತಾಳೆ ಕಾಫಿ ಫಿಲ್ಟರು. ಅದೇ ಚಕ್ಕುಲಿ ಒರಳು. ಅದೇ ಶ್ಯಾವಿಗೆ ಒತ್ತು, ಎರಡು ಕಡೆ ಹಿಡಿ ಇರುವಂಥದ್ದು. ಮೊಮ್ಮಕ್ಕಳೆಲ್ಲ ಸರದಿಯ ಮೇಲೆ ತಿರುಗಿಸಿ, ಕೊನೆಗೆ ಯಾರೂ ಬೇಡವೆಂದು ಓಡಿಹೋಗುತ್ತಿದ್ದ ಒತ್ತು. ಅದರ ಕುತ್ತಿಗೆಗೆ ದಾರ ಕಟ್ಟಿ ಚೀಟಿಯಲ್ಲಿ ಬೆಲೆ ಬರೆದಿದ್ದರು. ಪರಿಚಯದವರನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಕಂಡ ಹಾಗಾಯಿತು.

ನಮ್ಮ ಮನೆಯ ಹಿತ್ತಾಳೆ ಹೋದದ್ದು ತೂಕಕ್ಕೆ. ಎಪ್ಪತ್ತರ ದಶಕದ ಕೊನೆ ಇರಬೇಕು, ಬೀದಿಯಲ್ಲೆಲ್ಲ ಸ್ಟೀಲು, ಸ್ಟೀಲು, ಸ್ಟೀಲು. ಪಾತ್ರೆಯವನು ತಕ್ಕಡಿ ಹಿಡಿದು ಜಗುಲಿಯ ಮೇಲೆ ಕೂತ. ಅಜ್ಜಿ ಒಳಗಿಂದ ಒಂದೊಂದಾಗಿ ತಂದು ಹಾಕಿದಳು. ಬಿಂದಿಗೆ, ಗಂಗಾಳ, ಕೊಳದಪ್ಪಲೆ, ಫಿಲ್ಟರು. ಅವನು ತೂಗಿ, ನಗ್ಗಿದೆ, ತಳ ಸವೆದಿದೆ ಎಂದು ಒಂದಿಷ್ಟು ಕಡಿದು, ಬದಲಿಗೆ ಹೊಳೆಯುವ ಸ್ಟೀಲಿನ ಡಬ್ಬಗಳನ್ನು ಕೊಟ್ಟ. ಒಂದರೊಳಗೆ ಒಂದು ಕೂರುವ ಏಳು ಡಬ್ಬ. ಅಜ್ಜಿ ಅವನ್ನು ವಾರಗಟ್ಟಲೆ ಬಂದವರಿಗೆಲ್ಲ ತೋರಿಸಿದಳು.

ಇದನ್ನು ಹೇಳಿದಾಗ ಗೆಳೆಯರು "ಅಯ್ಯೋ, ಎಂಥಾ ಲಾಸು!" ಎನ್ನುತ್ತಾರೆ. ನಾನೂ ಅಂದಿದ್ದೆ. ಈಗ ಅನ್ನುವುದಿಲ್ಲ. ಹಿತ್ತಾಳೆ ಎಂದರೆ ಸುಮ್ನೆ ಅಲ್ಲ ಸ್ವಾಮಿ. ಹುಳಿ ಬಿದ್ದರೆ ಕಿಲುಬು, ಹಾಗಾಗಿ ಕಲಾಯಿ ಬೇಕು. ಕೆಲವು ತಿಂಗಳಿಗೊಮ್ಮೆ ಕಲಾಯಿ ಸಾಬರು ಬಂದು, ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆಯ ಒಳಗೆ ಬೆಳ್ಳಿ ಹುಟ್ಟುತ್ತಿತ್ತು. ಮಕ್ಕಳಿಗೆ ಅದು ಜಾದೂ. ಅಜ್ಜಿಗೆ ಖರ್ಚು. ಅವರು ಬರದೇ ಹೋದರೆ ಸಾರು ಕಹಿ. ಇನ್ನು ಹೊರಗಡೆ? ದಿನಾ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಆ ಕೈಗಳು ನನ್ನವಲ್ಲ, ಹಾಗಾಗಿ ಹಿತ್ತಾಳೆ ನನಗೆ ಇಷ್ಟೊಂದು ಚೆನ್ನಾಗಿ ಕಾಣುತ್ತದೆ.

ಆದರೆ ಲೆಕ್ಕ ಮಾತ್ರ ವಿಚಿತ್ರ ನೋಡಿ. ಕೇಜಿ ಲೆಕ್ಕದಲ್ಲಿ ಮನೆಯಿಂದ ಹೊರಟದ್ದು ಈಗ ಪೀಸ್ ಲೆಕ್ಕದಲ್ಲಿ ಸಿಗುತ್ತದೆ. ಆಗ ನಗ್ಗಿದ್ದಕ್ಕೆ ಬೆಲೆ ಕಡಿಯುತ್ತಿದ್ದರು. ಈಗ ನಗ್ಗಿದ್ದರೆ "ಒರಿಜಿನಲ್ ಸಾರ್" ಎಂದು ಜಾಸ್ತಿ ಹೇಳುತ್ತಾರೆ.

ಒರಿಜಿನಲ್ಲೋ ಅಲ್ಲವೋ ಎಂದು ನೋಡುವುದರಲ್ಲೇ ಅರ್ಧ ಮಜಾ ಇದೆ. ಹೊಸ ಹಿತ್ತಾಳೆಗೆ ಆಸಿಡ್ ಬಳಿದು ಕಪ್ಪು ಮಾಡಿದ್ದರೆ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾಗಿ ಬಳಸಿದ್ದರಲ್ಲಿ ಸಂದಿಗೊಂದಿ ಕಪ್ಪು, ಕೈ ತಾಗುವ ಜಾಗ ನುಣುಪು. ಗ್ರಾಮಫೋನಿನಲ್ಲಿ ನಾನು ನೋಡುವುದು ಸ್ಕ್ರೂ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. "ನೂರು ವರ್ಷ ಹಳೇದು" ಎನ್ನುವ ಪೆಟ್ಟಿಗೆಯಲ್ಲಿ ಅದಕ್ಕೇನು ಕೆಲಸ? ಫಳಫಳ ಹೊಳೆಯುವ ಹೊಸ ಹಿತ್ತಾಳೆ ಕಹಳೆ, ಎಂಟು ಮೂಲೆಯ ಹೊಸ ಮರದ ಪೆಟ್ಟಿಗೆ, ಒಳಗೆ ಯಾವುದೋ ಹಳೇ ಸೂಟ್‌ಕೇಸ್ ಪ್ಲೇಯರಿನ ಯಂತ್ರ, ಮುಂದೆ ನಾಯಿಯ ಚಿತ್ರ. ಇಂಥವನ್ನು ಹೋಟೆಲಿನವರು ರಿಸೆಪ್ಷನ್‌ನಲ್ಲಿಡಲು ಕೊಂಡುಹೋಗುತ್ತಾರೆ. ಪಾಪ, ಅದು ಹಾಡಬೇಕೆಂದು ಅವರೂ ಬಯಸುವುದಿಲ್ಲ.

ನಾಣ್ಯದ ತಟ್ಟೆಯಲ್ಲಿ ಮೋಸ ಇನ್ನೂ ಜಾಸ್ತಿ. ಒಂದು ಕಡೆ ರಾಮ, ಸೀತೆ, ಹನುಮಂತ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818. ಕಂಪನಿ ಇಂಥ ನಾಣ್ಯ ಹೊಡೆಸಿಯೇ ಇಲ್ಲ. ಆದರೂ "ಇದು ಅಕ್ಕಿ ಎಳೆಯುತ್ತಾ?" ಎಂದು ಪಿಸುಗುಟ್ಟಿ ಕೇಳುವವರು ಬರುತ್ತಾರಂತೆ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ನಾಣ್ಯಕ್ಕೆ ಏನೋ ಮಂತ್ರಶಕ್ತಿ ಇದೆ, ಅದೇ ರೈಸ್ ಪುಲ್ಲಿಂಗ್ ಎಂದು ನಂಬಿ ಲಕ್ಷಗಟ್ಟಲೆ ಕಳಕೊಂಡವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ಅದೇ. "ಎಳೆಯೋ ಹಾಗಿದ್ರೆ ನಾನ್ಯಾಕೆ ಸಾರ್ ರೇಷನ್ ಅಂಗಡೀಲಿ ಕ್ಯೂ ನಿಲ್ಲಲಿ?" ಎನ್ನುತ್ತಾರೆ ನಮ್ಮ ಅಂಗಡಿಯವರು.

ನನಗಿಷ್ಟವಾದದ್ದು ಅದೇ ತಟ್ಟೆಯ ತಳದಲ್ಲಿರುವ ಬಡ ನಾಣ್ಯಗಳು. ಎರಡನೇ ಮಹಾಯುದ್ಧದ ಕಾಲದ ತೂತಿನ ಕಾಸು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾದಾಗ ಹಳೆಯದರ ಜೊತೆ ಗೊಂದಲವಾಗಬಾರದೆಂದು 'ನಯಾ ಪೈಸೆ' ಎಂದು ಬರೆದ ಪುಟಾಣಿಗಳು. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹೋಗಿ ಅರವತ್ತು ವರ್ಷದ ಮೇಲಾಯಿತು. ನಾವು ಮಾತ್ರ ಇನ್ನೂ "ಹದಿನಾರಾಣೆ ನಿಜ" ಎನ್ನುತ್ತೇವೆ, ಆಗದವನನ್ನು "ಮೂರು ಕಾಸಿಗೂ ಬೆಲೆಯಿಲ್ಲ" ಎಂದು ತಳ್ಳಿಹಾಕುತ್ತೇವೆ. ಪಾವು, ಸೇರು ಕೂಡ ಹಾಗೇ. ಮೆಟ್ರಿಕ್ ಅಳತೆ ಬಂದು ಅವು ಸಂತೆಯಿಂದ ಕಾನೂನಿನ ಪ್ರಕಾರ ಹೊರಬಿದ್ದವು. ಅಡುಗೆಮನೆಗೆ ಕಾನೂನು ತಲುಪಲಿಲ್ಲ. ಅಮ್ಮನಿಗೆ ಅಕ್ಕಿ ಇವತ್ತಿಗೂ ಪಾವಿನಲ್ಲೇ ಬೇಯುತ್ತದೆ. ಅಂಗಡಿಯಲ್ಲಿ ಒಂದು ಹಿತ್ತಾಳೆ ಪಾವಿನ ಬಾಯಂಚಿನಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಮುದ್ರೆಗಳಿದ್ದವು. ಅಳತೆ ಸರಿ ಇದೆಯೇ ಎಂದು ನೋಡಿ ಸರ್ಕಾರದವರು ಒತ್ತಿದ್ದು. ಯಾವುದೋ ಊರಿನ ಯಾವುದೋ ಶೆಟ್ಟರು ಮೋಸ ಮಾಡಲಿಲ್ಲ ಎನ್ನುವುದಕ್ಕೆ ಅಷ್ಟು ಸಾಕ್ಷಿ.

ವಿಗ್ರಹದ ತಂಟೆಗೆ ಮಾತ್ರ ಇವರು ಹೋಗುವುದಿಲ್ಲ. ನೂರು ವರ್ಷ ದಾಟಿದ ವಿಗ್ರಹವಾದರೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ, ನೋಂದಣಿ ಬೇಕು, ದೇಶದಿಂದಾಚೆ ಒಯ್ಯುವಂತಿಲ್ಲ. "ದೇವರು ಬೇಡ ಸಾರ್, ಪಾತ್ರೆ ಸಾಕು" ಎಂದು ಕೈ ಮುಗಿಯುತ್ತಾರೆ.

ಹಳೆಯದನ್ನು ನೋಡಬೇಕಾದರೆ ಮ್ಯೂಸಿಯಂ ಇಲ್ಲವೇ ಎಂದು ಕೇಳಬಹುದು. ಇದೆ, ಚೆನ್ನಾಗಿಯೇ ಇದೆ. ಧರ್ಮಸ್ಥಳದ ಮಂಜೂಷಾ ನೋಡಿ ಕಾಲು ನೋಯಿಸಿಕೊಂಡವನು ನಾನು. ಮಣಿಪಾಲದ ವಿಜಯನಾಥ ಶೆಣೈ ಅವರಂತೂ ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ನನ್ನ ಕೈಲಿ ಒಂದು ಪಾವನ್ನು ಹೆಂಡತಿಗೆ ಕಾಣದಂತೆ ಮನೆಗೆ ಸಾಗಿಸಲು ಆಗುತ್ತಿಲ್ಲ. ಆದರೆ ಮ್ಯೂಸಿಯಂನಲ್ಲಿ 'ಮುಟ್ಟಬೇಡಿ' ಎಂದು ಬೋರ್ಡು ಇರುತ್ತದೆ. ಅಂಗಡಿಯಲ್ಲಿ ಎತ್ತಬಹುದು, ತಟ್ಟಬಹುದು, ಬೋರಲು ಹಾಕಿ ತಳ ನೋಡಬಹುದು.

ಪಾತ್ರೆಯ ಕಥೆ ಇರುವುದು ತಳದಲ್ಲಿ, ಇಲ್ಲವೇ ಕುತ್ತಿಗೆಯಲ್ಲಿ. ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು. ಮದುವೆಗೆ ಮುಯ್ಯಿ ಕೊಟ್ಟವರ ಹೆಸರು, ಜೊತೆಗೆ ತಾರೀಖು. ಕೊಟ್ಟವರು ನೆನಪಿರಲಿ ಎಂದು ಅರ್ಧ, ಉಳಿದರ್ಧ ಪಾತ್ರೆ ವಾಪಸ್ ಬರಲಿ ಎಂದು. ಯಾರದೋ ಮನೆಯ ಮುಂಜಿಗೆ ನಿಮ್ಮ ಕೊಳಗ ಹೋಗಿ, ಇನ್ನೊಬ್ಬರ ಮನೆಯ ತಪ್ಪಲೆ ನಿಮ್ಮಲ್ಲಿಗೆ ಬಂದು, ಆಮೇಲೆ ಹೆಸರು ಓದಿ ಓದಿ ಹಂಚುವ ಕೆಲಸ ಒಂದಿತ್ತು. ನಮ್ಮೂರಿನ ಅಂಗಡಿಯಲ್ಲಿ ಕೆತ್ತಲು ಅಕ್ಷರಕ್ಕಿಷ್ಟು ಎಂದು ದುಡ್ಡು. ಹಾಗಾಗಿ ಜಿಪುಣರ ಪಾತ್ರೆಗಳಲ್ಲಿ ಬರೀ ಇನಿಷಿಯಲ್ಲು.

ಅಂಥದ್ದೊಂದು ತಂಬಿಗೆ ಮೂರು ಭಾನುವಾರ ನನ್ನನ್ನು ನೋಡಿತು. ಅಂಗೈಗೆ ಸರಿಯಾಗಿ ಕೂರುವ ಕುತ್ತಿಗೆ, ಹೊಟ್ಟೆಯ ಒಂದು ಕಡೆ ಹೆಬ್ಬೆಟ್ಟಿನಷ್ಟು ನಗ್ಗು. ಕುತ್ತಿಗೆಯ ಸುತ್ತ ಚುಕ್ಕಿಗಳಲ್ಲಿ 'ಟಿ. ಎಸ್. ಎಲ್. 12-5-54'. ಎಲ್ ಅಕ್ಷರದ ಕೊನೆ ಚುಕ್ಕಿ ಜಾರಿ ಕೆಳಗೆ ಬಿದ್ದಿತ್ತು. ಉಳಿ ತಪ್ಪಿತೋ, ಯಾರಾದರೂ ಕರೆದರೋ. ನಾಲ್ಕನೇ ಭಾನುವಾರ ಚೌಕಾಸಿ ಮಾಡದೆ ಕೊಂಡೆ. ಅಂಗಡಿಯವರು ಬೆರಗಾಗಿ ತಾವೇ ನೂರು ರೂಪಾಯಿ ಬಿಟ್ಟರು.

ಹೆಂಡತಿ ಏನೂ ಹೇಳಲಿಲ್ಲ. ನೋಡಿದಳು, ಅಷ್ಟೇ. ಅಮ್ಮ ಕನ್ನಡಕ ಹಾಕಿಕೊಂಡು ತಂಬಿಗೆಯನ್ನು ಬೆಳಕಿಗೆ ತಿರುಗಿಸಿದಳು.

"ಯಾರ ಮನೇದೋ ಇದು? ಯಾವ ಮದುವೇಲಿ ಬಂತು?"

"ಬರಲಿಲ್ಲಮ್ಮ. ಕೊಂಡ್ಕೊಂಡೆ."

"ದುಡ್ಡು ಕೊಟ್ಟು ಬೇರೆಯವರ ಹೆಸರಿನ ತಂಬಿಗೆ ತಂದ್ಯಾ?"

ಅವಳು ಅದನ್ನು ನಮ್ಮ ಪಾತ್ರೆಗಳ ಜೊತೆ ಇಡಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿಟ್ಟಳು. ಪಕ್ಕದ ಮನೆಯ ಟಿಫನ್ ಡಬ್ಬಿ, ಪ್ರಸಾದ ಬಂದ ಬಟ್ಟಲು, ಇಂಥ ವಾಪಸ್ ಕೊಡಬೇಕಾದದ್ದೆಲ್ಲ ಕೂರುವ ಜಾಗ ಅದು. ಆರು ತಿಂಗಳಾಯಿತು, ತಂಬಿಗೆ ಅಲ್ಲೇ ಇದೆ. ಮನೆಗೆ ಎಪ್ಪತ್ತು ದಾಟಿದವರು ಯಾರೇ ಬರಲಿ, ಕಾಫಿ ಆದಮೇಲೆ ಅಮ್ಮ ಅದನ್ನು ಕೈಗೆ ಕೊಟ್ಟು ಕೇಳುತ್ತಾಳೆ: "ಟಿ. ಎಸ್. ಎಲ್. ಅಂದ್ರೆ ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?"

ಮೊನ್ನೆ ಬಂದ ದೂರದ ನೆಂಟರೊಬ್ಬರು ತುಂಬ ಹೊತ್ತು ಯೋಚಿಸಿದರು. ಟಿ ಅಂದರೆ ತಿಪಟೂರು ಇರಬಹುದು ಎಂದರು. ತುರುವೇಕೆರೆ ಯಾಕಾಗಬಾರದು ಎಂದಳು ಅಮ್ಮ. ಅಲ್ಲಿಂದ ಮಾತು ತುರುವೇಕೆರೆಯ ಮದುವೆಗಳಿಗೆ ಹೊರಟುಹೋಯಿತು. ನಾನು ಎದ್ದು ಇನ್ನೊಂದು ಸಲ ಕಾಫಿಗೆ ಹಾಲಿಟ್ಟೆ.