ಹೊಡೆಯುವುದೂ ಬೇಡ, ಬಿಟ್ಟು ಸುಮ್ಮನಾಗುವುದೂ ಬೇಡ

ನಾಗರಹಾವನ್ನು ಹೊಡೆಯಬಾರದು. ಕೊಳಕುಮಂಡಲ ಕಂಡರೆ ಬಿಡಬಾರದು. ಶಿರಸಿ ಕಡೆಯ ತೋಟದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ನಾಗರ ಅಂಗಳಕ್ಕೆ ಬಂದರೆ ಆಯಿ ಕೈ ಮುಗಿದು, ಅದು ದಾಟಿ ಹೋಗುವವರೆಗೂ ಮಕ್ಕಳನ್ನು ಜಗಲಿಯಿಂದ ಇಳಿಯಲು ಬಿಡುತ್ತಿರಲಿಲ್ಲ. ಅದೇ ಅಂಗಳದ ಮೂಲೆಯಲ್ಲಿ, ದರಕಿನ (ಒಣ ಎಲೆಯ) ರಾಶಿಯಡಿ ಮಂಡಲ ಕಂಡರೆ ಮಾತ್ರ ಬಡಿಗೆ ಹೊರಗೆ ಬರುತ್ತಿತ್ತು.

ದೋಷದ ಭಯ ಇರುವುದು ನಾಗರನ ವಿಷಯದಲ್ಲಿ ಮಾತ್ರ. ದಾರಿಯಲ್ಲಿ ಸತ್ತ ನಾಗರ ಕಂಡರೂ ತುಪ್ಪ ಹಾಕಿ ಸುಟ್ಟು ಸಂಸ್ಕಾರ ಮಾಡುವವರು ನಮ್ಮಲ್ಲಿದ್ದಾರೆ. ಗೋಕರ್ಣಕ್ಕೋ ಕುಕ್ಕೆ ಸುಬ್ರಹ್ಮಣ್ಯಕ್ಕೋ ಹೋಗಿ ಶಾಂತಿ ಮಾಡಿಸಿ ಬರುವವರಿದ್ದಾರೆ. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಎಷ್ಟೋ ನಾಗರಹಾವುಗಳ ಜೀವವನ್ನು ಉಳಿಸಿದ್ದೇ ಅದು. ಆದರೆ ಕಟ್ಟುಹಾವಿಗೆ, ಮಂಡಲಕ್ಕೆ, ಯಾರಿಗೂ ಏನೂ ಮಾಡದ ಕೇರೆಗೆ ಅದರಿಂದ ಏನೂ ಸಿಕ್ಕಿಲ್ಲ. ಕೈ ಮುಗಿದ ಮಾತ್ರಕ್ಕೆ ಮನೆಯವರು ಕ್ಷೇಮ ಅಂತಲೂ ಅಲ್ಲ. ನಾಗರ ಅಂಗಳ ದಾಟಿ ಕಟ್ಟಿಗೆ ಮನೆಗೆ ನುಗ್ಗಿದರೆ ಮುಂದೇನು ಅನ್ನುವುದಕ್ಕೆ ನಮ್ಮ ಹಿರಿಯರ ಹತ್ತಿರವೂ ಕಾಯುವುದು ಬಿಟ್ಟರೆ ಬೇರೆ ಉಪಾಯ ಇರಲಿಲ್ಲ.

ನಾನೀಗ ಇರುವುದು ಕೇರಳದಲ್ಲಿ, ತ್ರಿಶೂರಿನ ಹೊರಭಾಗದಲ್ಲಿ. ಮಳೆ ನಮ್ಮೂರಿನದೇ. ತೆಂಗು, ಅಡಿಕೆ, ಚಿರೆಕಲ್ಲಿನ ಪಾಗಾರ, ಎಲ್ಲ ಅದೇ. ಹಾವುಗಳೂ ಅವೇ. ಹಳೆಯ ಮನೆಗಳ ಹಿತ್ತಿಲ ಮೂಲೆಯಲ್ಲಿ ಸರ್ಪಕಾವು ಇರುತ್ತದೆ, ನಮ್ಮ ನಾಗಬನದ ಹಾಗೆ ಮರ ಬಳ್ಳಿ ಕಡಿಯದೆ ಬಿಟ್ಟ ಜಾಗ. ಬೇರೆಯಾಗಿರುವುದು ಒಂದೇ. ಹಾವು ಮನೆ ಹತ್ತಿರ ಬಂದಾಗ ಏನು ಮಾಡಬೇಕು ಅನ್ನುವ ತೀರ್ಮಾನ ಇಲ್ಲಿ ಮೆಲ್ಲಗೆ ಮನೆಯವರ ಕೈಯಿಂದ ತರಬೇತಿ ಪಡೆದವರ ಕೈಗೆ ಹೋಗುತ್ತಿದೆ.

ಇಲ್ಲಿನ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಡುತ್ತದೆ. ಅದಿಲ್ಲದವರು ಹಿಡಿಯುವ ಹಾಗಿಲ್ಲ. ‘ಸರ್ಪ’ ಅಂತ ಒಂದು ಮೊಬೈಲ್ ಆ್ಯಪ್ ಇದೆ. ಹಾವು ಕಂಡವರು ಅದರಲ್ಲಿ ತಿಳಿಸಿದರೆ ಹತ್ತಿರದಲ್ಲಿರುವ ಸ್ವಯಂಸೇವಕರಿಗೆ ಸುದ್ದಿ ಹೋಗುತ್ತದೆ. ಬಂದವರು ವೈರಿಂಗ್ ಕೆಲಸದವರು ಇರಬಹುದು, ಆಟೋ ಓಡಿಸುವವರು ಇರಬಹುದು, ಗೃಹಿಣಿಯೂ ಇರಬಹುದು.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ತೆಂಗಿನ ಸಿಪ್ಪೆ ರಾಶಿಯಲ್ಲಿ ಕೊಳಕುಮಂಡಲ ಕಾಣಿಸಿತು. ಅದರ ಬುಸುಗುಟ್ಟುವಿಕೆ ಕುಕ್ಕರಿನ ಹಬೆ ಬಿಟ್ಟ ಹಾಗೆ ನಮ್ಮ ಮನೆಯ ಜಗಲಿಗೂ ಕೇಳುತ್ತಿತ್ತು. ಬಂದ ಹುಡುಗ ಮೊದಲು ಜನರನ್ನು ಹಿಂದೆ ಸರಿಸಿದ. ನಾಯಿ ಕಟ್ಟಿಸಿದ. ಆಮೇಲೆ ಒಂದು ಪ್ಲಾಸ್ಟಿಕ್ ಪೈಪು ತೆಗೆದು, ಅದರ ಒಂದು ತುದಿಗೆ ಕಪ್ಪು ಬಟ್ಟೆಯ ಉದ್ದನೆ ಚೀಲ ಸಿಕ್ಕಿಸಿ, ಇನ್ನೊಂದು ತುದಿ ಹಾವಿನ ಕಡೆ ಬರುವ ಹಾಗೆ ಗೋಡೆ ಬದಿಗೆ ಇಟ್ಟ. ಉದ್ದನೆಯ ಕೊಕ್ಕೆಯಿಂದ ಹಾವನ್ನು ಮೆತ್ತಗೆ ಆ ಕಡೆ ತಿರುಗಿಸಿದ, ಅಷ್ಟೇ. ಹೆದರಿದ ಹಾವು ಕತ್ತಲ ಬಿಲ ಹುಡುಕುತ್ತದೆ ಅಲ್ವಾ, ಪೈಪಿನ ಬಾಯಿ ಅದಕ್ಕೆ ಬಿಲದ ಹಾಗೆ ಕಂಡಿತು. ತಾನಾಗಿಯೇ ಒಳಗೆ ಹೋಯಿತು. ಚೀಲದ ಬಾಯಿ ತಿರುಚಿ ಗಂಟು ಹಾಕಿದ. ಯಾರೂ ಹಾವನ್ನು ಮುಟ್ಟಲಿಲ್ಲ. ಬಾಲ ಹಿಡಿದು ಎತ್ತಲಿಲ್ಲ, ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಲಿಲ್ಲ.

ಆಮೇಲೆ ಅವನು ಮಾಡಿದ್ದು ನನಗೆ ಹಿಡಿದದ್ದಕ್ಕಿಂತ ಜಾಸ್ತಿ ಇಷ್ಟವಾಯಿತು. ಮನೆ ಸುತ್ತ ಒಂದು ಸುತ್ತು ಹಾಕಿದ. ಸಿಪ್ಪೆ ರಾಶಿ ಗೋಡೆಯಿಂದ ದೂರ ಇಡಿ ಅಂದ. ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಹಾಕಿಸಿ ಅಂದ. ಕೋಳಿ ಗೂಡಿನ ಕೆಳಗೆ ಚೆಲ್ಲಿದ್ದ ಕಾಳು ತೋರಿಸಿ, ಇದಕ್ಕೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ ಅಂತ ಮನೆಯ ಅಜ್ಜಿಗೆ ಬಿಡಿಸಿ ಹೇಳಿದ. ಬಡಿಗೆ ಹಿಡಿದವರು ಯಾರಾದರೂ ಹಾವು ಸತ್ತ ಮೇಲೆ ಹಾಗೆ ಮನೆ ಸುತ್ತ ನೋಡುತ್ತಾರಾ? ಒಂದು ಹೊಡೆದರೂ ಇಲಿ ಅಲ್ಲೇ ಇರುತ್ತದೆ, ಬಿಲ ಅಲ್ಲೇ ಇರುತ್ತದೆ. ಇನ್ನೊಂದು ಬರುತ್ತದೆ.

ಹೀಗೆ ಹೇಳಿದರೆ ಊರಲ್ಲಿ ಅತ್ತಿಗೆಗೆ ಸಿಟ್ಟು ಬರುತ್ತದೆ. “ದಿನಾ ಬೆಳಿಗ್ಗೆ ಕತ್ತಲಲ್ಲಿ ಕೊಟ್ಟಿಗೆಗೆ ಹೋಪ್ದು ಆನು, ನೀನಲ್ಲ” ಅಂತ ಫೋನಿನಲ್ಲೇ ಅಂದಳು. ಅವಳ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಅನ್ನುವುದು 2020ರಲ್ಲಿ ಬಂದ ದೊಡ್ಡ ಅಧ್ಯಯನದ ಅಂದಾಜು. ವರ್ಷಕ್ಕೆ ಸರಾಸರಿ 58,000. ಬಹುತೇಕ ಎಲ್ಲರೂ ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆಗಿದ್ದು, ಅಂದರೆ ಗದ್ದೆ ತೋಟದ ಕೆಲಸ ಜೋರಾಗಿರುವ ಕಾಲ. ಹುಲ್ಲು ಹೊರುವವರು, ದರಕು ಗುಡಿಸುವವರು, ಸೊಪ್ಪಿನ ಬೆಟ್ಟಕ್ಕೆ ಹೋಗುವವರು, ಬಗ್ಗಿ ಅಡಿಕೆ ಹೆಕ್ಕುವವರು. ಇವರಿಗೆ ಪೇಟೆಯಲ್ಲಿ ಕೂತು ‘ಹಾವು ರೈತನ ಮಿತ್ರ’ ಅಂತ ಪಾಠ ಹೇಳುವುದು ಸರಿಯಲ್ಲ.

ಆದರೂ ಹೊಡೆಯಬೇಡಿ ಅಂತ ನಾನು ಹೇಳುವುದು ಅತ್ತಿಗೆಯ ಜೀವದ ಸಲುವಾಗಿಯೇ. ಹೊಡೆಯಬೇಕೆಂದರೆ ಹಾವಿನ ಹತ್ತಿರ ಹೋಗಬೇಕು. ತನ್ನ ಪಾಡಿಗೆ ಹೋಗುತ್ತಿದ್ದ ಹಾವು ಪೆಟ್ಟು ಬಿದ್ದ ಮೇಲೆ ತಿರುಗಿ ಬೀಳುತ್ತದೆ. ಏಟು ತಪ್ಪಿದರೆ ಸಿಟ್ಟಾದ ಹಾವು ಕಟ್ಟಿಗೆ ರಾಶಿಯೊಳಗೆ ಸೇರಿಕೊಳ್ಳುತ್ತದೆ, ಆಗ ಮೊದಲಿಗಿಂತ ಕಷ್ಟ. ಕತ್ತರಿಸಿ ಹಾಕಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು, ವಿಷ ಬಿಡಬಲ್ಲದು. ಸತ್ತಿದೆ ಅಂತ ಕೈಯಲ್ಲಿ ಎತ್ತಿ ಎಸೆಯಲು ಹೋಗುವುದಕ್ಕಿಂತ ದೊಡ್ಡ ಅಪಾಯ ಇಲ್ಲ. ಕಾನೂನಿನ ಮಾತು ಆಮೇಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಾಗರನಿಗೂ ಕೊಳಕುಮಂಡಲಕ್ಕೂ ರಕ್ಷಣೆ ಇದೆ, ಆದರೆ ರಾತ್ರಿ ಕೊಟ್ಟಿಗೆಯಲ್ಲಿ ಬ್ಯಾಟರಿ ಹಿಡಿದು ನಿಂತವರ ತಲೆಯಲ್ಲಿ ಕಾಯ್ದೆ ಇರುವುದಿಲ್ಲ ಅಂತ ನನಗೂ ಗೊತ್ತು.

ಇನ್ನು ನಾವು ಹೊಡೆಯುವ ಹಾವುಗಳಲ್ಲಿ ಎಷ್ಟೋ ವಿಷದವೇ ಅಲ್ಲ. ರಾತ್ರಿ ಗೋಡೆ ಹತ್ತುವ ತೋಳದ ಹಾವನ್ನು ಕಟ್ಟುಹಾವು ಅಂತ ಹೊಡೆಯುತ್ತಾರೆ. ಕಟ್ಟುಹಾವಿನ ಬಿಳಿ ಪಟ್ಟಿ ಸಾಮಾನ್ಯವಾಗಿ ಜೋಡಿ ಜೋಡಿ ಇರುತ್ತದೆ. ಕುತ್ತಿಗೆ ಹತ್ತಿರ ಅಸ್ಪಷ್ಟ, ಬಾಲದ ಕಡೆ ಹೋದ ಹಾಗೆ ಎದ್ದು ಕಾಣುತ್ತದೆ. ತೋಳದ ಹಾವಿನದು ಇದಕ್ಕೆ ಉಲ್ಟಾ, ಕುತ್ತಿಗೆಯಲ್ಲಿ ಸ್ಪಷ್ಟ, ಬಾಲದ ಕಡೆ ಮಾಸಿ ಹೋಗುತ್ತದೆ. ಗಾಬರಿಯಲ್ಲಿ ಇದನ್ನೆಲ್ಲ ನೋಡಲು ಆಗುವುದಿಲ್ಲ. ಅದಕ್ಕೇ ದೂರ ನಿಂತು ಫೋಟೋ ತೆಗೆದು ಗೊತ್ತಿದ್ದವರಿಗೆ ಕಳಿಸುವುದು ಒಳ್ಳೆಯದು.

ಕಟ್ಟುಹಾವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯೊಳಗೆ ಮಲಗಿದವರನ್ನು ಕೊಲ್ಲುವುದು ಹೆಚ್ಚಾಗಿ ಇದೇ. ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಗ್ಯಾಸ್ಟ್ರಿಕ್ ಅಂತ ಕಷಾಯ ಕುಡಿಸಿ ಕೂರಿಸಿದರೆ ಮುಗಿಯಿತು. ಈ ಹಾವಿಗೆ ಬಡಿಗೆಯಿಂದ ಏನೂ ಉಪಯೋಗವಿಲ್ಲ, ಯಾಕೆಂದರೆ ಅದನ್ನು ಯಾರೂ ನೋಡುವುದೇ ಇಲ್ಲ. ಮಂಚದ ಮೇಲೆ ಮಲಗಿ ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸರಿಯಾಗಿ ಸಿಕ್ಕಿಸಿಕೊಂಡರೆ ಜೀವ ಉಳಿಯುತ್ತದೆ. ತೋಟದ ಕೆಲಸಕ್ಕೆ ಬಂದು ಬಿಡಾರದಲ್ಲಿ ನೆಲಕ್ಕೆ ಚಾಪೆ ಹಾಸಿ ಮಲಗುವ ಕುಟುಂಬಗಳಿಗೆ ಮನೆಯ ಯಜಮಾನರು ಮಂಚವನ್ನೂ ಪರದೆಯನ್ನೂ ಕೊಡಿಸಲಿ. ನಾಗರಪಂಚಮಿಗೆ ಹಾಲೆರೆಯುವ ಮನೆಗಳಿಗೆ ಇದು ಭಾರವಾಗಬಾರದು.

ಕಚ್ಚಿದ ಮೇಲಿನ ದಾರಿಯಲ್ಲಿ ಕೇರಳಕ್ಕೂ ನಮಗೂ ಇರುವ ವ್ಯತ್ಯಾಸ ನನ್ನನ್ನು ಜಾಸ್ತಿ ಕಾಡುತ್ತದೆ. ನಾನಿರುವಲ್ಲಿಂದ ದೊಡ್ಡ ಆಸ್ಪತ್ರೆ ಹತ್ತಿರವೇ ಇದೆ. ನಮ್ಮೂರಿನಿಂದ ಶಿರಸಿ, ಅಲ್ಲಿ ವೆಂಟಿಲೇಟರ್ ಬೇಕಾಯಿತು, ಡಯಾಲಿಸಿಸ್ ಬೇಕಾಯಿತು ಅಂದರೆ ಹುಬ್ಬಳ್ಳಿ. ಅದು ನೂರು ಕಿಲೋಮೀಟರ್. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ, ಆದರೂ ಕರಾವಳಿಯ ಎಷ್ಟೋ ಜನ ಗಂಭೀರ ಕಾಯಿಲೆಗೆ ಗೋವಾ ಇಲ್ಲವೇ ಮಣಿಪಾಲದ ದಾರಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಆ ದಾರಿಯೂ ಇಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದೆ, ಕಿಡ್ನಿ ಕೆಡಿಸುತ್ತದೆ. ಅದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಒಂದು ಸ್ವಚ್ಛ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟು, ವಾಲಿಸಿ ನೋಡಿದರೆ ಸಾಕು. ರಕ್ತ ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದನ್ನು ಮಾಡಿ, ಅಲ್ಲೇ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಶುರು ಮಾಡಿ, ಆಮೇಲೆ ಮುಂದೆ ಕಳಿಸಿದರೆ ಬದುಕುವವರು ಎಷ್ಟೋ ಜನ.

ನಾಟಿ ಮದ್ದಿನವರ ಬಗ್ಗೆ ನನಗೆ ಅಸಡ್ಡೆ ಇಲ್ಲ. ಆದರೆ ಅವರಲ್ಲಿ ಹೋಗಿ ಗುಣವಾದವರಲ್ಲಿ ಬಹಳ ಜನರಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ವಿಷದ ಹಾವು ವಿಷ ಬಿಡದೆ ಕಚ್ಚಿದ್ದು. ಅಲ್ಲಿ ಕಳೆದ ಎರಡು ತಾಸು ಮತ್ತೆ ಸಿಗುವುದಿಲ್ಲ. ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕೈಕಾಲು ಅಲ್ಲಾಡದ ಹಾಗೆ ಹಲಗೆಗೆ ಕಟ್ಟಿ, ನಡೆಸದೆ ಎತ್ತಿಕೊಂಡು ಗಾಡಿ ಹತ್ತಿಸಬೇಕು. ಡಾಕ್ಟರಿಗೆ ತೋರಿಸಬೇಕು ಅಂತ ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯ ಇಲ್ಲ. ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಮೂಗು ಮೇಲಕ್ಕೆ ಚೂಪಾಗಿರುವ ಪುಟ್ಟ ಗುಳಿಮಂಡಲ ನಮ್ಮ ಘಟ್ಟದ ತೋಟಗಳ ಒಣ ಎಲೆಯಲ್ಲಿ ಇರುತ್ತದೆ. ಅದಕ್ಕೆ ಈ ಇಂಜೆಕ್ಷನ್ ಹಿಡಿಯುವುದಿಲ್ಲ, ಕಡಲ ಹಾವಿಗೂ ಹಿಡಿಯುವುದಿಲ್ಲ. ಕಾರವಾರ, ಅಂಕೋಲೆಯ ಮೀನುಗಾರರು ಬಲೆಯಲ್ಲಿ ಬಂದ ಕಡಲ ಹಾವನ್ನು ಬರಿಗೈಯಲ್ಲಿ ಎತ್ತಿ ಹಾಕುವುದನ್ನು ಬಿಡಬೇಕು.

ಕಾಳಿಂಗನಿಗೂ ಭಾರತದಲ್ಲಿ ಇಂಜೆಕ್ಷನ್ ತಯಾರಾಗುವುದಿಲ್ಲ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ‘ಕಾಳಿಂಗ’ವನ್ನೇ ಇಟ್ಟಿದ್ದಾರೆ. ಅದು ಹಾವು ತಿಂದು ಬದುಕುವ ಹಾವು. ಕೇರೆಯನ್ನು ಅಟ್ಟಿಸಿಕೊಂಡು ಬಂದು ಬಚ್ಚಲು ಮನೆಗೆ ನುಗ್ಗಿದರೂ, ಜನ ಗುಂಪು ಕಟ್ಟದೆ ದಾರಿ ಬಿಟ್ಟರೆ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಅದರ ಬಾಲ ಎಳೆದು ಊರಿಗೆಲ್ಲ ತೋರಿಸುವ ವಿಡಿಯೋ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಹುಡುಗನಿಗೂ ಮನೆಯಲ್ಲಿ ಅಮ್ಮ ಇರುತ್ತಾಳೆ.

ಹಿಡಿದ ಹಾವನ್ನು ಎಲ್ಲಿ ಬಿಡಬೇಕು ಅನ್ನುವುದರಲ್ಲಿ ಎರಡೂ ಕಡೆ ಇನ್ನೂ ಕಲಿಯುವುದಿದೆ. ದಟ್ಟ ಕಾಡಿಗೆ ಬಿಟ್ಟರೆ ಪುಣ್ಯ ಅಂತ ಎಲ್ಲರ ನಂಬಿಕೆ. ಆದರೆ ನಾಗರ, ಕೊಳಕುಮಂಡಲ ಗದ್ದೆ ಬದುವಿನ ಹಾವುಗಳು, ಇಲಿ ಇರುವಲ್ಲಿ ಇರುವಂಥವು. ಗೊತ್ತಿಲ್ಲದ ಜಾಗಕ್ಕೆ ಬಿದ್ದ ಹಾವು ದಿಕ್ಕು ತಪ್ಪಿ ಅಲೆಯುತ್ತದೆ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದವರು ಕಂಡದ್ದೂ ಅದನ್ನೇ. ಬಿಟ್ಟರೆ ಹತ್ತಿರದಲ್ಲೇ, ಮನೆಯಿಂದ ಸ್ವಲ್ಪ ಆಚೆ ಬಿಡಬೇಕು.

ಕೇರಳದ ಆ್ಯಪನ್ನು ಹಾಗೇ ತಂದು ಉತ್ತರ ಕನ್ನಡದಲ್ಲಿ ಇಟ್ಟರೆ ನಡೆಯುವುದಿಲ್ಲ. ಜೋಯಿಡಾ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮನೆಯಿಂದ ಮನೆಗೆ ಅರ್ಧ ಮೈಲಿ. ನಮಗೆ ಬೇಕಾದದ್ದು ಪ್ರತಿ ಪಂಚಾಯ್ತಿಗೆ ಕನಿಷ್ಠ ಇಬ್ಬರು ತರಬೇತಿಯಾದವರು, ಅವರ ಕೈಯಲ್ಲಿ ಕೊಕ್ಕೆ, ಪೈಪು, ಚೀಲ. ಅವರ ನಂಬರು ಸಹಕಾರಿ ಸೊಸೈಟಿ ಗೋಡೆಯ ಮೇಲೆ, ಹಾಲಿನ ಡೇರಿಯ ಬಾಗಿಲಲ್ಲಿ ಬರೆದಿರಬೇಕು. ಸೊಸೈಟಿ ಕಟ್ಟಿ ನೂರು ವರ್ಷ ನಡೆಸಿ ಗೊತ್ತಿರುವ ಸೀಮೆ ನಮ್ಮದು, ಇದೇನು ದೊಡ್ಡ ಕೆಲಸವಲ್ಲ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಅದು ಒಳ್ಳೆಯ ಹೆಜ್ಜೆ, ನಾನು ಇಲ್ಲಿನವರಿಗೂ ಹೆಮ್ಮೆಯಿಂದ ಹೇಳಿದ್ದೇನೆ. ಆ ಲೆಕ್ಕ ಇಟ್ಟುಕೊಂಡು, ನಮ್ಮ ಆರೋಗ್ಯ ಕೇಂದ್ರದಲ್ಲಿ ಈಗ ಎಷ್ಟು ಬಾಟಲಿ ಇಂಜೆಕ್ಷನ್ ಇದೆ, ರಾತ್ರಿ ಕೊಡಲು ಯಾರಿದ್ದಾರೆ, ಹಾವು ಹಿಡಿಯುವ ತರಬೇತಿ ಯಾವಾಗ ಅಂತ ಮಳೆ ಹಿಡಿಯುವ ಮೊದಲಿನ ಗ್ರಾಮಸಭೆಯಲ್ಲಿ ಕೇಳಬೇಕು. ನಮ್ಮ ಪಂಚಾಯ್ತಿಯಲ್ಲಿ ಕೇಳುತ್ತೇನೆ ಅಂತ ಅಣ್ಣ ಒಪ್ಪಿದ್ದಾನೆ. ಅತ್ತಿಗೆ ತಾನೂ ಸಭೆಗೆ ಬರುವುದಾಗಿ ಹೇಳಿದ್ದಾಳೆ.